ತಲೆದೂಗಿದವರ ಫೋಟೋ

ತಾಂಡೂರು, ೧೩ ಫೆಬ್ರವರಿ ೧೯೩೮, ಭಾನುವಾರ

ಸಾಹುಕಾರ ಶಂಕ್ರೆಪ್ಪನವರ ಮನೆಯ ಗಾಯನದ ಫೋಟೋ ತೊಡೆಯ ಮೇಲಿಟ್ಟುಕೊಂಡು ಜಹೀರಾಬಾದಿನಿಂದ ರೈಲಿನಲ್ಲಿ ಅಳುಕುತ್ತಲೇ ಬಂದೆ.

ಫ್ಲ್ಯಾಶ್ ಮದ್ದಿನ ಹೊಗೆ ಗಂಟಲಿಗೆ ಆಗದೆಂದು ಗಾಯಕಿ ಕಾಂತಾಬಾಯಿ ಬೇಡವೆಂದಿದ್ದರು. ಹಾಗಾಗಿ ಅವರು ಕದಲದೆ ಷಡ್ಜ ಹಿಡಿದಷ್ಟು ಹೊತ್ತೂ ಕ್ಯಾಮೆರಾ ತೆರೆದಿಟ್ಟಿದ್ದೆ. ಅವರೇನೋ ಚೆನ್ನಾಗಿ ಬಂದರು. ಕೇಳುಗರಿಗೆ ಒಂದು ಗಳಿಗೆ ಸುಮ್ಮನೆ ಕೂರಲು ಏನು ಧಾಡಿಯೋ. ತಲೆದೂಗಿದವರೆಲ್ಲ ಹೊಗೆಯಂತೆ ಮಸುಕಾಗಿದ್ದಾರೆ, ಸಾಹುಕಾರರೂ. ತಹಸೀಲ್ದಾರರ ಮುಖವೊಂದೇ ಕೆತ್ತಿದಂತಿದೆ.

ಫೋಟೋ ಸಾಹುಕಾರರ ಕೈಗೆ ಕೊಟ್ಟೆ. "ನನ್ ಮುಖ ಎಲ್ಲಿ ಅದರಿ?"

"ನೀವು ತಲಿ ತೂಗಿದ್ರಿ, ಸಾಹುಕಾರ್ರೆ."

ಫೋಟೋವನ್ನು ಬೆಳಕಿಗೆ ಹಿಡಿದು ತಹಸೀಲ್ದಾರರ ಮುಖ ನೋಡಿದರು. "ಹಂಗಾದ್ರ ತಹಸೀಲ್ದಾರ್ ಸಾಬ್ರಿಗಿ ಹಾಡ ಮುಟ್ಟೇ ಇಲ್ಲ ನೋಡ್ರಿ."

ಆಗ ಹೋದ ಜೀವ ಬಂತು. ನಾನು ಹೊರಡುವಾಗ ಅವರು ಬಂದವರಿಗೆಲ್ಲ ಆ ಮಸುಕಿನ ಮೇಲೇ ಬೆರಳಿಟ್ಟು ತೋರಿಸುತ್ತಿದ್ದರು: "ಇದು ನಾನರಿ."