ಕಿನ್ನರಿಯ ಒಂದು

ಮನೆಯಿಂದ,
ಮಾರ್ಚ್ ೧೨, ಭಾನುವಾರ

ಪ್ರೀತಿಯ ಅಣ್ಣಾ,

ಚೆನ್ನಾಗಿದ್ದೀಯಾ? ಮಂಡಿ ನೋವು ಹೇಗಿದೆ? ಅತ್ತಿಗೆ ಬೆಳಗ್ಗೆ ನಿನ್ನನ್ನು ಎಬ್ಬಿಸಿ ನಡೆಸುತ್ತಾರೆ ಅಂದುಕೊಂಡಿದ್ದೇನೆ, ನೀನಾಗಿ ಕದಲುವ ಪೈಕಿಯಲ್ಲ. ನಾನು ಗುಂಡುಕಲ್ಲಿನ ಹಾಗಿದ್ದೇನೆ, ಕನ್ನಡಕದ ನಂಬರು ಮಾತ್ರ ಏರಿದೆ. ನಾಲ್ಕು ವರ್ಷದ ಮೇಲೆ ಇವಳಿಗೇನು ನೆನಪಾಯಿತು ಅಂತ ಹುಬ್ಬೇರಿಸಬೇಡ, ಹೇಳುತ್ತೇನೆ.

ವಸ್ತುಸಂಗ್ರಹಾಲಯದ ದುರಸ್ತಿ ಕೋಣೆಯಲ್ಲಿ ಇನ್ನೂ ಅದೇ ಕಿಟಕಿ ಪಕ್ಕದ ಮೇಜಿನಲ್ಲಿ ಹರಿದ ಕಾಗದಕ್ಕೆ ಅಂಟು ಹಚ್ಚುತ್ತ ಕೂರುತ್ತೇನೆ. ಕಳೆದ ಮಂಗಳವಾರ ಅಲ್ಲಿಗೊಂದು ಮರದ ಪೆಟ್ಟಿಗೆ ಬಂತು. ಮುಚ್ಚಳ ಸರಿಸಿದರೆ ಒಳಗೆ ಅಮ್ಮ ಆಡುತ್ತಿದ್ದ ದುಂಡೆಲೆಗಳು. ನಮ್ಮವೇ ಅಲ್ಲ, ಅದೇ ಬಗೆಯವು: ಬಿಸ್ಕತ್ತಿನಷ್ಟು ಅಗಲ, ಕೈಯಲ್ಲಿ ಬರೆದ ಚಿತ್ರ, ಮೇಲೆ ಅರಗಿನ ಹೊಳಪು, ಇಸ್ಪೀಟಿಗೆ ನಾಲ್ಕಾದರೆ ಇದಕ್ಕೆ ಎಂಟು ಬಣ್ಣ, ಬಣ್ಣಕ್ಕೆ ಹನ್ನೆರಡು ಎಲೆ. ಗಂಜೀಫಾ ಅಂತ ಅದರ ಹೆಸರಂತೆ. ನೂರಾರು ವರ್ಷ ವ್ಯಾಪಾರಿಗಳ, ಸಿಪಾಯಿಗಳ ಗಂಟುಮೂಟೆಯಲ್ಲಿ ದೇಶದಿಂದ ದೇಶಕ್ಕೆ ಅಲೆದ ಆಟವಂತೆ. ನಾವೋ, ಅದು ನಮ್ಮ ಊಟದ ಮೇಜಿನ ಮೇಲೇ ಹುಟ್ಟಿದ್ದು ಅಂದುಕೊಂಡಿದ್ದೆವು.

ಪೆಟ್ಟಿಗೆಯ ತಳದಲ್ಲಿ ಯಾರೋ ಆಟದ ನಿಯಮ ಬರೆದಿಟ್ಟ ಹಾಳೆಯಿತ್ತು. ಮಡಿಕೆ ಬಿಡಿಸುತ್ತ ಓದಿದೆ. ಕತ್ತಿ, ಕಿರೀಟ ಮುಂತಾದ ನಾಲ್ಕು ಬಣ್ಣಕ್ಕೆ ರಾಜ, ಮಂತ್ರಿ ಬಿಟ್ಟರೆ ಹತ್ತು ದೊಡ್ಡದು. ತಂತಿವಾದ್ಯದ ಚಿತ್ರವಿರುವ ಕಿನ್ನರಿ ಸೇರಿ ಉಳಿದ ನಾಲ್ಕಕ್ಕೆ ಎಲ್ಲ ತಿರುವುಮುರುವು: ಅಲ್ಲಿ ಒಂದು ದೊಡ್ಡದು, ಹತ್ತು ಎಲ್ಲಕ್ಕಿಂತ ಚಿಕ್ಕದು. ನನ್ನ ಕೈಯಲ್ಲಿದ್ದ ಕುಂಚ ಹಾಗೇ ನಿಂತಿತು.

ಆ ಕೊನೆಯ ಆಟವನ್ನು ನೀನೂ ಮರೆತಿರಲಾರೆ. ಅಮ್ಮನಿಗೆ ಆಗಲೇ ಬೆಳಗಿನ ತಿಂಡಿ ಮಧ್ಯಾಹ್ನಕ್ಕೆ ನೆನಪಿರುತ್ತಿರಲಿಲ್ಲ. ನಾನು ಕಿನ್ನರಿಯ ಹತ್ತು ಇಳಿಸಿದೆ. ಅವಳು ಅದರ ಒಂದು ಇಳಿಸಿ, ಮೂರೂ ಎಲೆ ಬಾಚಿಕೊಂಡು, "ಒಂದೇ ದೊಡ್ಡದು ಕಣೇ" ಅಂದಳು. "ಅಮ್ಮ ಹೇಳ್ದಂಗೇ ಆಡೋಣ ಬಿಡೇ" ಅಂದೆ ನೀನು. ಅಪ್ಪ ನಮಗೆ ಕಲಿಸಿದ್ದು ಎಲ್ಲ ಬಣ್ಣಕ್ಕೂ ಹತ್ತೇ ದೊಡ್ಡದೆಂಬ ಸುಲಭದ ಆಟ, ಮಕ್ಕಳಿಗೆ ಅಷ್ಟು ಸಾಕೆಂದಿರಬೇಕು. ಅಮ್ಮನೂ ನಮ್ಮ ಜೊತೆ ಹಾಗೇ ಆಡಿಕೊಂಡು ಬಂದಿದ್ದಳು, ಈಗ ನಿಯಮವೂ ಮರೆತುಹೋಯಿತು ಅಂದುಕೊಂಡೆ. "ವಾರಕ್ಕೊಂದ್ಸಲ ಬಂದು ತಲೆಯಾಡಿಸಿ ಹೋಗ್ತೀಯ, ಅವಳ ಮರೆವಿನ ಜೊತೆ ದಿನಾ ಏಗೋಳು ನಾನು" ಅಂತ ನಾನು ಎಲೆಗಳನ್ನು ಎಸೆದೆ. ನೀನು ಚಪ್ಪಲಿ ಮೆಟ್ಟಿ ಹೊರಟೆ. ಅಮ್ಮ ತೀರಿದಾಗ ಬಂದವನು ಕೂರಲೂ ಇಲ್ಲ.

ಅಮ್ಮ ಮರೆತಿರಲಿಲ್ಲ ಅಣ್ಣಾ. ತವರಿನಲ್ಲಿ ಕಲಿತ ಆಟ ಆಡುತ್ತಿದ್ದಳು. ಎಲ್ಲ ಕಳೆದುಕೊಳ್ಳುತ್ತಿದ್ದವಳಿಗೆ ಅದೊಂದು ಉಳಿದಿತ್ತು, ಅದನ್ನೂ ನಾನು ತಪ್ಪು ಅಂದೆ. ಆಮೇಲೆ ಅವಳು ಎಲೆ ಮುಟ್ಟಲೇ ಇಲ್ಲ. ಈಗ ಪ್ರತಿ ಭಾನುವಾರ ನಾನೊಬ್ಬಳೇ ಮೂರು ಕೈ ಹಂಚಿ, ಕುರ್ಚಿಯಿಂದ ಕುರ್ಚಿಗೆ ಎದ್ದು ಹೋಗಿ ಆಡುತ್ತೇನೆ. ಪಕ್ಕದ ಮನೆಯವರು ನೋಡಿದರೆ ತಲೆ ಕೆಟ್ಟಿದೆ ಅಂದಾರು. ಒಂಟಿತನ ತಡೆಯಲಾಗುತ್ತಿಲ್ಲ. ತಪ್ಪಾಯಿತು.

ಅತ್ತಿಗೆಗೆ ನನ್ನ ನಮಸ್ಕಾರ. ಮಂಡಿಗೆ ಎಣ್ಣೆ ಹಚ್ಚಿಸಿಕೋ, ಹಟ ಮಾಡಬೇಡ.

ನಿನ್ನ ಬಾಯಿಬಡುಕಿ
ತಂಗಿ

ಹೇಳುವುದು ಉಳಿಯಿತು: ಲಕೋಟೆಯೊಳಗೆ ಎರಡು ರಟ್ಟಿನ ನಡುವೆ ನಮ್ಮ ಕಿನ್ನರಿಯ ಒಂದನ್ನು ಇಟ್ಟಿದ್ದೇನೆ. ಅಮ್ಮ ಗೆದ್ದ ಎಲೆ. ಅದಿಲ್ಲದೆ ಇಲ್ಲಿ ಆಟ ನಡೆಯುವುದಿಲ್ಲ. ಅಂಚೆಯಲ್ಲಿ ವಾಪಸ್ ಕಳಿಸಬೇಡ, ನೀನೇ ತಾ. ಅತ್ತಿಗೆಯನ್ನೂ ಕರೆದುಕೊಂಡು ಬಾ, ಮೂವರಾಗುತ್ತೇವೆ.