ದಾಸ ಎಂಬ ಮೆತ್ತನೆಯ ಮಾತು

ತೇಲೂರು, ೨೩೪೧ನೇ ಇಸವಿ, ಫೆಬ್ರವರಿ ಮೂವತ್ತು

ಹಿಂದಿನ ಕಾಲದ ಕನ್ನಡಿಗರಿಗೆ ಯೆಮೀಮಳ ವಂದನೆಗಳು.

ತಾರೀಖು ನೋಡಿ ನಗಬೇಡಿ. ಎಲ್ಲ ತಿಂಗಳಿಗೂ ಮೂವತ್ತೇ ದಿನ ಎಂದು ನಮ್ಮವರು ತೀರ್ಮಾನಿಸಿ ಬಹಳ ಕಾಲವಾಯಿತು. ನನ್ನ ಕನ್ನಡ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಇದು ನಿಮ್ಮ ಕಾಲದ ಪುಸ್ತಕಗಳಿಂದ ಕಲಿತ ಭಾಷೆ, ಮಾತಾಡಿ ಸವೆದದ್ದಲ್ಲ. ಈಗಂತೂ ನನಗೆ ಮಾತಾಡಲು ಯಾರೂ ಇಲ್ಲ.

ತೇಲೂರು ಎಂದರೆ ಕಡಲ ಮೇಲೆ ತೇಲುವ ಊರು. ಕರಾವಳಿಯ ನೆಲ ಮುಳುಗಿದ ಮೇಲೆ ನಮ್ಮ ಹಿರಿಯರು ತೆಪ್ಪಗಳ ಮೇಲೆ ಮನೆ ಕಟ್ಟಿಕೊಂಡರು. ಪ್ರತಿ ಮನೆಗೂ ಒಂದು ಅರೆಹಲಗೆ ಇದೆ. ನಾನು ನನ್ನದನ್ನೂ ನೀವು ನಿಮ್ಮದನ್ನೂ ಇಳಿಸಿದರೆ ನಡುವೆ ಸೇತುವೆಯಾಗುತ್ತದೆ. ಬೆಳಿಗ್ಗೆ ಎದ್ದವರು ಮೊದಲು ಹಲಗೆ ಇಳಿಸುತ್ತಾರೆ, ಆಮೇಲೆ ಒಲೆ ಹಚ್ಚುತ್ತಾರೆ. ಉಪ್ಪುನೀರನ್ನು ಸಿಹಿ ಮಾಡುವ ಯಂತ್ರಗಳನ್ನು ಉಜ್ಜಲು ಒಳನಾಡಿನಿಂದ ಜನರನ್ನು ಕರೆತರುತ್ತಾರೆ. ಅವರು ಆರು ವರ್ಷ ದುಡಿದರೆ ಅವರ ಊರಿಗೆ ಕುಡಿಯುವ ನೀರು ಹೋಗುತ್ತದೆ. ಏಳನೆಯ ವರ್ಷ ಅವರಿಗೆ ಬಿಡುಗಡೆ. ಅವರನ್ನು ನಾವು ‘ದಾಸಬಂಧು’ಗಳು ಎನ್ನುತ್ತೇವೆ. ಕೇಳಲು ಇಂಪಾಗಿದೆ, ಅಲ್ಲವೇ?

ಈ ಏರ್ಪಾಡು ಬೈಬಲಿನಲ್ಲಿರುವ ಮೋಶೆಯ ಧರ್ಮಶಾಸ್ತ್ರದ್ದು. ದಾಸನು ಏಳನೆಯ ವರ್ಷ ಹೊರಡಬಹುದು, ಆದರೆ ಯಜಮಾನ ಕೊಟ್ಟ ಹೆಂಡತಿ ಮತ್ತು ಅವಳ ಮಕ್ಕಳು ಯಜಮಾನನಿಗೇ. ಅವರನ್ನು ಬಿಡಲಾರದವನು, ಯಜಮಾನನನ್ನೂ ಹೆಂಡತಿ ಮಕ್ಕಳನ್ನೂ ಪ್ರೀತಿಸುತ್ತೇನೆ ಎಂದು ಹೇಳಬೇಕು. ಆಗ ಬಾಗಿಲ ಚೌಕಟ್ಟಿಗೆ ಅವನ ಕಿವಿ ಒತ್ತಿ ದಬ್ಬಳದಿಂದ ಚುಚ್ಚುತ್ತಾರೆ. ಅಲ್ಲಿಂದ ಸಾಯುವ ತನಕ ಅವನು ದಾಸ. ತೇಲೂರಿನಲ್ಲಿ ಹುಟ್ಟಿದ ಮಗು ತೇಲೂರಿನದು ಎಂದು ನಮ್ಮವರು ಇನ್ನೊಂದು ಮಾತು ಸೇರಿಸಿದ್ದಾರೆ.

ನಮ್ಮ ಸಭೆಯಲ್ಲಿ ಶಾಸ್ತ್ರ ಓದುವವಳು ನಾನೇ. ಪಕ್ಕದ ತೆಪ್ಪದಲ್ಲಿ ಹುಲಿಗೆವ್ವ ಎಂಬ ದಾಸಬಂಧು ಇದ್ದಳು. ಅವಳ ಆರು ವರ್ಷ ಮುಗಿದಿತ್ತು, ಕಂಕುಳಲ್ಲಿ ಇಲ್ಲೇ ಹುಟ್ಟಿದ ಮಗನಿದ್ದ. ಒಂದು ಸಂಜೆ ಹಲಗೆ ದಾಟಿ ಬಂದು ಕೇಳಿದಳು: “ಧಣಿ ಮ್ಯಾಲ ಪ್ರೀತಿ ಐತಿ ಅಂತ ಹೇಳಬೇಕಂತಲ್ರೀ ಅಕ್ಕಾರ. ಬರೇ ಮಗನ ಮ್ಯಾಲ ಅಂದ್ರ ಆಗೂದಿಲ್ಲೇನ್ರಿ?”

ಸಭಾಪಾಲಕರಾದ ನಥಾನಿಯೇಲರನ್ನು ಕೇಳಿದೆ. ಅವರು ಕೆಟ್ಟವರಲ್ಲ. ಬೇರೆ ಜನಾಂಗದವರು ಆಳುಗಳನ್ನು ಸಾಯುವ ತನಕ ದುಡಿಸುತ್ತಿದ್ದ ಕಾಲದಲ್ಲಿ ಬಿಡುಗಡೆಯ ವರ್ಷ ಎಂದರೆ ಎಂಥ ಕರುಣೆ ಎಂದು ವಿವರಿಸಿದರು. “ದಾಸ ಅಂದ್ರೆ ಕೀಳು ಮಾತಾ ಮಾರಾಯ್ತಿ? ದಾಸರು ಅಂದ್ರೆ ನಾವು ಕೈ ಮುಗಿಯುದಲ್ವಾ?” ಎಂದರು.

ಎಡವಟ್ಟು ಅಲ್ಲೇ ಇತ್ತು. ಶಾಸ್ತ್ರದ ಮೂಲ ಭಾಷೆಯಲ್ಲಿ ಆ ಮಾತು ಹಣ ಕೊಟ್ಟು ಕೊಂಡು ತಂದ ಮನುಷ್ಯನದು. ನಮ್ಮ ಕಿವಿಗೆ ಮಾತ್ರ ಅದರಲ್ಲಿ ತಂಬೂರಿ, ಗೆಜ್ಜೆಗಳ ಸದ್ದು ಕೇಳಿಸಿತು. ಕನ್ನಡಿಗರಲ್ಲದೆ ಬೇರೆ ಯಾರಾದರೂ ಹೀಗೆ ಮೋಸಹೋಗುತ್ತಿದ್ದರೋ ಇಲ್ಲವೋ. ಪರದೇಶದ ಆಳುಗಳನ್ನು ಮಕ್ಕಳಿಗೆ ಆಸ್ತಿಯಾಗಿ ಬಿಟ್ಟುಹೋಗಬಹುದು ಎಂದೂ ಅದೇ ಶಾಸ್ತ್ರ ಹೇಳುತ್ತದೆ. ಅಲ್ಲಿ ಕರುಣೆ ಎಲ್ಲಿದೆಯೆಂದು ನಾನು ಕೇಳಿದಾಗ ಅವರು ಭಾನುವಾರದ ಓದಿನ ಮಾತು ತೆಗೆದರು. ತಪ್ಪಿಸಿಕೊಂಡು ಬಂದವನನ್ನು ಯಜಮಾನನಿಗೆ ಒಪ್ಪಿಸಬೇಡಿ ಎಂಬ ಮಾತೂ ಅದರಲ್ಲೇ ಇದೆ. ಇವುಗಳಲ್ಲಿ ಯಾವುದು ದೇವರ ದನಿ, ಯಾವುದು ಯಜಮಾನರ ದನಿ ಎಂದು ನನಗೆ ಇಂದಿಗೂ ಬಗೆಹರಿದಿಲ್ಲ.

ಭಾನುವಾರ ದೇವಾಲಯದ ಬಾಗಿಲಲ್ಲಿ ದಬ್ಬಳ ಸಿದ್ಧವಾಗಿತ್ತು. ನಾನು ಆ ನಿಯಮವನ್ನು ಓದಿದೆ. ದಾಸ ಎಂದು ಇದ್ದಲ್ಲೆಲ್ಲ ‘ಜೀತದಾಳು’ ಎಂದು ಓದಿದೆ. ಹುಲಿಗೆವ್ವ ಚೌಕಟ್ಟಿನ ಹತ್ತಿರ ನಿಂತು, “ನನ್ನ ಮಗನ ಮ್ಯಾಲ ಪ್ರೀತಿ ಐತ್ರಿ” ಎಂದಳು. ಮುಂದಿನ ಮಾತಿಗೆ ಎಲ್ಲರೂ ಕಾದರು. ಅವಳು ಹೇಳಲಿಲ್ಲ. ಹಾಗಾದರೆ ನಾಳೆ ಮಗುವನ್ನು ಬಿಟ್ಟು ಹೊರಡಬೇಕು ಎಂದು ತೀರ್ಪಾಯಿತು.

ಆ ಸಂಜೆ ಅವಳು ಮಗನನ್ನು ಎತ್ತಿಕೊಂಡು ನನ್ನ ಮನೆಗೆ ಬಂದಳು. ನನ್ನಲ್ಲಿದ್ದ ಒಂದೇ ದೋಣಿಯಲ್ಲಿ ಕೊಡ ನೀರು, ಬುತ್ತಿ ಇಟ್ಟು ಇಬ್ಬರನ್ನೂ ಕಳಿಸಿದೆ. ದಡ ಸೇರಿದರೋ ಇಲ್ಲವೋ ಗೊತ್ತಿಲ್ಲ.

ಅಂದಿನಿಂದ ನನ್ನ ಕಡೆಗೆ ಯಾರೂ ಹಲಗೆ ಇಳಿಸುತ್ತಿಲ್ಲ. ನೀರಿನ ಕೊಡವನ್ನು ಹಗ್ಗಕ್ಕೆ ಕಟ್ಟಿ ತಳ್ಳುತ್ತಾರೆ, ಮುಖ ತೋರಿಸುವುದಿಲ್ಲ. ಅಭ್ಯಾಸಬಲದಿಂದ ಸಾರು ಹೆಚ್ಚಾಗಿ ಮಾಡಿಬಿಡುತ್ತೇನೆ, ಕೊಡಲು ಯಾರೂ ಇಲ್ಲ. ಇಷ್ಟು ಒಂಟಿಯಾಗುತ್ತೇನೆಂದು ಎಣಿಸಿರಲಿಲ್ಲ. ಸಂಕಟವಾಗುತ್ತದೆ.

ಒಂದು ಕೋರಿಕೆ. ಜೀತದಾಳು ಎಂದರೆ ಏನೆಂದು ಮೈಯಿಂದಲೇ ಬಲ್ಲವರು ನಿಮ್ಮ ಕಾಲದಲ್ಲಿ ಇನ್ನೂ ಬದುಕಿರಬಹುದು. ಅವರನ್ನು ಎದುರು ಕೂರಿಸಿಕೊಂಡು ಆ ನಿಯಮವನ್ನು ಓದಿ ಹೇಳಿ. ಅದು ಕರುಣೆಯೋ ಅಲ್ಲವೋ ಅವರೇ ಹೇಳಲಿ. ಅವರು ಹೇಳಿದ್ದನ್ನು ಪುಟದ ಅಂಚಿನಲ್ಲಿ ಬರೆದಿಡಿ. ಪುಸ್ತಕ ನಮ್ಮ ಕೈಗೆ ಬರುವಾಗ ಆ ಮಾತೂ ಜೊತೆಗೆ ಬರಲಿ.

ನನ್ನ ಹಲಗೆಯನ್ನು ಇವತ್ತೂ ಇಳಿಸಿದ್ದೇನೆ. ಅದರ ತುದಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ಯೆಮೀಮ