ಹದಿನೇಳನೇ ಬಾಟಲಿ

ಮಾರ್ಚ್ 3, ಬೆಳಿಗ್ಗೆ
ನಲವತ್ತು ಬಾಟಲಿ ತೊಳೆದದ್ದಾಯಿತು. ಬಾಟಲಿ ತೊಳಿ, ಕೆಸರು ತಾ, ಲೇಬಲ್ ಹಚ್ಚು — ಅಕ್ಕನ ಲ್ಯಾಬಿನಲ್ಲಿ ನನ್ನ ಕೆಲಸ ಇಷ್ಟೇ. ಹತ್ತನೇ ಕ್ಲಾಸು ಅರ್ಧಕ್ಕೇ ಬಿಟ್ಟವಳಿಗೆ ಇದನ್ನು ಕೊಡಿಸಿದ್ದೂ ಅವಳೇ. ಕೆಸರಿನ ಡಿಎನ್ಎಯಲ್ಲಿ ಇದುವರೆಗೆ ಯಾರೂ ಕಾಣದ ಎಂಜೈಮ್ ಹುಡುಕುತ್ತಿದ್ದಾಳೆ. ಸಿಕ್ಕರೆ ಔಷಧಿ ತಯಾರಿಸಲು ವಿಷದ ಕೆಮಿಕಲ್ ಬೇಡ, ಕುದಿಸುವುದೂ ಬೇಡ. ಜೂನ್ ಒಳಗೆ ಸಿಗದಿದ್ದರೆ ಅವಳ ಕೆಲಸ ಹೋಗುತ್ತದೆ.

ಮಾರ್ಚ್ 4
ಬಿಸಿನೀರ ಬುಗ್ಗೆಗೆ ಬಸ್ಸಿನಲ್ಲಿ ಮೂರು ಗಂಟೆ. ಎರಡು ಬಾಟಲಿ ಕೆಸರು ತಂದೆ, ಹದಿನಾರು ಮತ್ತು ಹದಿನೇಳು. ಲ್ಯಾಬಿನ ಗೇಟಿನ ಹತ್ತಿರ ಹದಿನೇಳು ಕೈಜಾರಿ ಒಡೆಯಿತು. ಮತ್ತೆ ಅಷ್ಟು ದೂರ ಯಾರು ಹೋಗುತ್ತಾರೆ... ಲ್ಯಾಬಿನ ಹಿಂದಿನ ಮೋರಿಯಿಂದಲೇ ಬೇರೆ ಬಾಟಲಿ ತುಂಬಿದೆ. ಲೇಬಲ್ ಬುಗ್ಗೆಯದು. ಅಕ್ಕ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಮೇ 19
ಹದಿನೇಳರ ಕೆಸರಿನ ಪರೀಕ್ಷೆ ತಟ್ಟೆ ಹಳದಿಗೆ ತಿರುಗಿದೆ. ಎಂಜೈಮ್ ಸಿಕ್ಕಿತು. ಅಕ್ಕ ತಬ್ಬಿಕೊಂಡಳು. "ನಿನ್ನ ಕೈಗುಣ ಕಣೇ."
ಕೇಳಲಿಲ್ಲವಲ್ಲ ಅಂತ ಸುಮ್ಮನಿದ್ದೆ. ಅಲ್ಲ, ಸುಳ್ಳು. ಹೆದರಿ ಸುಮ್ಮನಿದ್ದೆ.

ಜೂನ್ 2
ಲ್ಯಾಬಿನ ಸರ್ ಎಲ್ಲರೆದುರು ಕೇಳಿದರು, "ಹದಿನೇಳನ್ನ ಬುಗ್ಗೆಯ ಯಾವ ಕಡೆಯಿಂದ ತೆಗೆದೆಯಮ್ಮ?"
ಕೇಳಿಬಿಟ್ಟರು. ಹೇಳಿಬಿಟ್ಟೆ.
"ಹಿಂದಿನ ಮೋರಿಯಿಂದ ಸರ್. ಮೇಲಿನ ಮಹಡಿ ಲ್ಯಾಬಿನ ಸಿಂಕು ನೀರು ಬೀಳುತ್ತಲ್ಲ, ಅಲ್ಲಿಂದ."
ಮೇಲಿನವರು ಮೂರು ವರ್ಷದಿಂದ ತಾವೇ ತಿದ್ದಿ ತೀಡಿ ಒಂದು ಎಂಜೈಮ್ ಮಾಡಿದ್ದಾರೆ. ಯಾರಿಗೂ ತೋರಿಸಿಲ್ಲ. ಸರ್ ಮೇಲೆ ಹೋಗಿ ಎರಡರ ಡಿಎನ್ಎಯನ್ನೂ ಪಕ್ಕಪಕ್ಕ ಇಟ್ಟು ನೋಡಿ ಬಂದರು. ಒಂದಕ್ಷರವೂ ಆಚೀಚೆ ಇಲ್ಲವಂತೆ.
"ಭೇಷ್," ಅಂದರು ಅಕ್ಕನಿಗೆ. "ಎರಡು ವರ್ಷ ಒದ್ದಾಡಿ ಮೇಲಿನವರ ಬಚ್ಚಲು ಕಂಡುಹಿಡಿದೆ."
ಎಲ್ಲ ನಕ್ಕರು. ಅಕ್ಕನೂ ನಗಲು ನೋಡಿದಳು.

ಜೂನ್ 3
ಅನ್ನ ಬಡಿಸುತ್ತಾ ಅಕ್ಕ ಹೇಳಿದಳು, "ನೀನು ಸ್ಕೂಲು ಬಿಟ್ಟಾಗ, ಇವಳ ಸಹವಾಸ ಬಿಡು ಅಂದಿದ್ದಳು ಅಮ್ಮ. ಕೇಳಬೇಕಿತ್ತು." ದನಿ ಏರಲಿಲ್ಲ. ಇನ್ನೊಂದು ಸೌಟು ಹಾಕಿದಳು.

ಜೂನ್ 14
ಅಕ್ಕನನ್ನು ಕೆಲಸದಿಂದ ತೆಗೆದರು. ನನ್ನನ್ನು ಇಟ್ಟುಕೊಂಡರು. "ಕೇಳಿದರೆ ನಿಜ ಹೇಳ್ತಾಳೆ, ಅಷ್ಟು ಸಾಕು," ಅಂದರು ಸರ್. ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಅವಳ ಮೇಜು ನಾನೇ ಒರೆಸಿದೆ.

ಜೂನ್ 27, ಸಂಜೆ
ಹದಿನೇಳು ಸಿಕ್ಕ ಖುಷಿಯಲ್ಲಿ ಅಕ್ಕ ಹದಿನಾರರ ತಟ್ಟೆಯನ್ನು ತೆಗೆದು ನೋಡಿಯೇ ಇರಲಿಲ್ಲ. ಅವಳ ಜಾಗಕ್ಕೆ ಬಂದ ಹುಡುಗ ಇವತ್ತು ಅದನ್ನು ತೆಗೆದ. ಹಳದಿ. ಮೇಲಿನವರದ್ದಲ್ಲ, ಯಾರದ್ದೂ ಅಲ್ಲ. ಅಪ್ಪಟ ಬುಗ್ಗೆಯದು. ಸರ್ ಅವನ ಬೆನ್ನು ತಟ್ಟಿದರು.
ಮನೆಗೆ ಬಂದೆ. ಅಕ್ಕ ಬಟ್ಟೆ ಮಡಚುತ್ತಿದ್ದಳು. ಎರಡು ವಾರದಿಂದ ನನ್ನ ಹತ್ತಿರ ಮಾತಿಲ್ಲ. ಇವತ್ತು ತಾನಾಗಿಯೇ —
"ಹದಿನಾರನ್ನ ಯಾರಾದರೂ ನೋಡಿದರೇನೇ?"
ಕೇಳಿಬಿಟ್ಟಳು. ನಾನು —